ನೆಗ್ಗು ಓದುವ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರೆಂದು ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ಇನ್ನೂ ನಡೆದಾಡಿಕೊಂಡಿರುವವನು ನಾನೊಬ್ಬನೇ ಎಂದು ನನ್ನನ್ನೂ ಕರೆಸಿದರು. ಫೋಟೋಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಅವರ ನೌಕರಿಯ ಕೊನೆಯ ವರ್ಷಗಳಲ್ಲಿ ಕೆಲಸಕ್ಕೆ ಸೇರಿದ ಎಳೆಯ ಮೇಷ್ಟ್ರೊಬ್ಬರು ಹೇಳಿದರು: “ಬೋರ್ಡಿನ ಮೇಲೆ ಅವರ ಅಕ್ಷರ ಕೋಳಿ ಕೆದಕಿದ ಹಾಗಿರುತ್ತಿತ್ತು. ಆದರೆ ಒಂದು ದಿನವೂ, ಒಬ್ಬ ಹುಡುಗನ ಮೇಲೂ ಕೈ ಎತ್ತಿದವರಲ್ಲ.” ಎಲ್ಲರೂ ತಲೆದೂಗಿದರು. ನನ್ನ ಸರದಿ ಬಂದಾಗ ಎದ್ದು, “ಒಳ್ಳೇ ಕೆಲಸಗಾರರು” ಅಂದೆ. ಕೂತುಬಿಟ್ಟೆ.

ನಾನು ಕಂಡ ಮನುಷ್ಯನ ಅಕ್ಷರ ಅಚ್ಚಿನಲ್ಲಿ ಹೊಯ್ದ ಹಾಗಿತ್ತು. ಎತ್ತಿದ ಕೈ ಹೊಡೆಯದೆ ಇಳಿದದ್ದನ್ನು ನಾನು ನೋಡಿದ್ದು ಕಡಿಮೆ. ಅದನ್ನು ಫೋಟೋದ ಮುಂದೆ ನಿಂತು ಹೇಳುವುದಕ್ಕಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಅವರು ಕೈಗಾರಿಕೆ ಮೇಷ್ಟ್ರು. ತಗಡು ಕತ್ತರಿಸುವುದು, ಅರ ಹಾಕಿ ಉಜ್ಜುವುದು, ಬೆಸುಗೆ ಹಾಕುವುದು, ಇವನ್ನು ಹುಡುಗರಿಗೆ ಕಲಿಸುತ್ತಿದ್ದರು. ನಾನು ಅದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತ. ಮೇಷ್ಟ್ರು ಕುಳ್ಳಗೆ, ಗಾಣದ ಕಂಬದ ಹಾಗೆ ಗಟ್ಟಿಯಾಗಿದ್ದರು. ಎಡಚರು. ಚಾಕ್‌ಪೀಸನ್ನು ಎಡಗೈಯಲ್ಲಿ ಹಿಡಿದು ಬೋರ್ಡಿನ ಮೇಲೆ ಒಂದು ಗೆರೆ ಎಳೆದರೆ ಸ್ಕೇಲಿಟ್ಟು ನೋಡಿದರೂ ತಪ್ಪು ಸಿಗುತ್ತಿರಲಿಲ್ಲ. ಆ ಕೈಯೇ ಹುಡುಗರ ಕೆನ್ನೆಗೂ ಹೋಗುತ್ತಿತ್ತು. ಹೊಸದಾಗಿ ಸೇರಿದ ಹುಡುಗರು ವಾಡಿಕೆಯಂತೆ ಎಡಗೆನ್ನೆ ಮುಚ್ಚಿಕೊಂಡು ಬಲಗೆನ್ನೆಗೆ ತಿನ್ನುತ್ತಿದ್ದರು. ಹಳಬರು ಅದನ್ನು ನೋಡಿ ನಗುತ್ತಿದ್ದರು. ಏಟು ತಿಂದವನನ್ನು ಮೇಷ್ಟ್ರು ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವನಿಗೆ ಹಾಕುತ್ತಿದ್ದರು. ಹೆಡ್‌ಮಾಸ್ಟರಿಗೆ ದೂರು ಹೋಗುತ್ತಿರಲಿಲ್ಲ. ಚಿತ್ರಾನ್ನ ಅವರ ಮನೆಯವರು ಮಾಡುತ್ತಿದ್ದದ್ದು, ಅಷ್ಟು ಚೆನ್ನಾಗಿರುತ್ತಿತ್ತು.

ಭಾನುವಾರ ಬಂದರೆ ನಾವು ಮೂವರು ಗುಜರಿ ಅಂಗಡಿಗಳನ್ನು ಸುತ್ತುವವರು. ಮೂರನೆಯವನು ಬೋರೇಗೌಡ, ಖಾಸಗಿ ಬಸ್ಸಿನ ಕಂಡಕ್ಟರು, ನನ್ನ ಬಾಲ್ಯದ ಸ್ನೇಹಿತ. ಅವನಿದ್ದರೆ ಯಾವ ಬಸ್ಸಿನಲ್ಲೂ ನಮಗೆ ಸೀಟು. ಅವನ ಬಾಯಿ ಅಂಥದು. ಟಿಕೆಟ್ ತೆಗೆಯದೆ ಜಗಳಕ್ಕೆ ನಿಂತವನನ್ನೂ ಮಾತಲ್ಲೇ ನಗಿಸಿ, ಟಿಕೆಟ್ ಕೊಟ್ಟು, ಇಳಿಯುವಾಗ ಅವನಿಂದಲೇ ಬೀಡಿ ಈಸಿಕೊಳ್ಳುತ್ತಿದ್ದ.

ಆಗ ಮನೆಮನೆಗೆ ಸ್ಟೀಲ್ ಪಾತ್ರೆ ಬರುತ್ತಿದ್ದ ಕಾಲ. ಹುಣಿಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೇಸತ್ತ ಹೆಂಗಸರು ಅಜ್ಜಿಯ ಕಾಲದ ಹಿತ್ತಾಳೆ, ತಾಮ್ರ, ಕಂಚೆಲ್ಲವನ್ನೂ ತೂಕಕ್ಕೆ ಹಾಕಿ ಸ್ಟೀಲ್ ತರುತ್ತಿದ್ದರು. ಮಂಡ್ಯದಲ್ಲಿ ಮಾರ್ಕೆಟ್ಟಿನ ಹಿಂದಿನ ಸಾಲು, ಮದ್ದೂರಿನಲ್ಲಿ ಸ್ಟೇಷನ್ ಹತ್ತಿರದ ಶೆಡ್ಡು, ಮಳವಳ್ಳಿಯಲ್ಲಿ ಸಣ್ಣಮ್ಮನ ಅಂಗಡಿ, ಇವು ನಮ್ಮ ಮೂರು ಠಿಕಾಣಿ. ಮಿಕ್ಕವರು ವಡೆ ತಿನ್ನಲು ಇಳಿಯುವ ಮದ್ದೂರಿನಲ್ಲಿ ನಾವು ಗುಜರಿಗೆ ಇಳಿಯುತ್ತಿದ್ದೆವು. ನನಗೆ ಹಳೆಯ ಬೀಗಗಳ ಹುಚ್ಚು. ಬೋರನಿಗೆ ಎತ್ತಿನ ಕೊರಳಗಂಟೆ. ಮೇಷ್ಟ್ರಿಗೆ ನೆಗ್ಗಿದ ಪಾತ್ರೆ.

ನೆಗ್ಗಿದ್ದೇ ಯಾಕೆ ಬೇಕು ಎಂದು ಬೋರ ಮೊದಲ ಸಲ ಕೇಳಿದಾಗ ಅವರು ಮಂಡ್ಯದ ಅಂಗಡಿಯ ರಾಶಿಯಿಂದ ಒಂದು ಹಿತ್ತಾಳೆ ಚೊಂಬು ಎತ್ತಿಕೊಂಡರು. ಅದರ ಹೊಟ್ಟೆಯ ಮೇಲೊಂದು ಕುಳಿ. ಹೆಬ್ಬೆರಳನ್ನು ಆ ಕುಳಿಯಲ್ಲಿಟ್ಟು, ಡಾಕ್ಟರು ನಾಡಿ ಹಿಡಿದ ಹಾಗೆ ಒತ್ತಿ ನೋಡಿದರು.

“ಇದು ಬಿದ್ದದ್ದಲ್ಲ,” ಅಂದರು. “ಕೈಜಾರಿ ಬಿದ್ರೆ ತಳದ ಅಂಚು ನೆಗ್ಗುತ್ತೆ, ಇಲ್ಲ ಕಂಠ. ಹೊಟ್ಟೆ ನೆಗ್ಗಬೇಕಾದ್ರೆ ಎಸೀಬೇಕು. ಇಲ್ನೋಡಿ, ಸುಣ್ಣ ಇನ್ನೂ ಅಂಟಿದೆ. ಗೋಡೆಗೆ ಎಸೆದಿದಾರೆ.”

“ಯಾರು ಎಸೆದದ್ದು ಅಂತ್ಲೂ ಯೋಳ್ಬುಡಿ ಮೇಷ್ಟ್ರೇ, ಕಣಿ ಕೇಳ್ದಂಗಾಯ್ತದೆ,” ಅಂದ ಬೋರ.

“ಗಂಡಸು. ಹೆಂಗಸು ಎಸೆದ್ರೆ ನೆಲಕ್ಕೆ ಎಸೀತಾಳೆ. ಗೋಡೆಗೆ ಎಸೆಯೋನು ಯಾರಿಗೋ ಗುರಿ ಇಟ್ಟಿರ್ತಾನೆ, ಅವರು ತಪ್ಪಿಸ್ಕೊಂಡಿರ್ತಾರೆ.”

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ನಾನು ಕೇಳಿದೆ. ಚೊಂಬನ್ನು ರಾಶಿಗೆ ಹಾಕುತ್ತಾ, “ನಮ್ಮಪ್ಪನ ಹತ್ರ,” ಅಂದರು. “ನಮ್ಮನೇಲಿ ಇಡಿಯಾದ ಪಾತ್ರೆ ಅಂತ ಒಂದೂ ಇರ್ಲಿಲ್ಲ. ಶಾಲೆಯಿಂದ ಮನೆಗೆ ಬಂದು ಅಮ್ಮನ ಮುಖ ನೋಡೋಕೆ ಮುಂಚೆ ಪಾತ್ರೆ ನೋಡ್ತಿದ್ದೆ. ಅದರಲ್ಲೇ ತಿಳೀತಿತ್ತು.” ಇಷ್ಟು ಹೇಳಿ, ಮುಂದಿನ ಅಂಗಡಿಗೆ ನಡೆದರು.

ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೂಡಿನ ತುಂಬ ಇಂಥವೇ. ಒಂದೊಂದಕ್ಕೂ ಚೀಟಿ ಅಂಟಿಸಿ, ಆ ಅಚ್ಚಿನಂಥ ಅಕ್ಷರದಲ್ಲಿ ಬರೆದಿದ್ದರು: ಬಿದ್ದದ್ದು. ಬಾವಿಗೆ ಬಿದ್ದದ್ದು. ಗಾಡಿ ಹರಿದದ್ದು. ಎಸೆದದ್ದು. ಕಾಫಿ ತಂದುಕೊಟ್ಟು ನಿಂತಿದ್ದ ಅವರ ಹೆಂಡತಿ ಒಮ್ಮೆ, “ಮನೆ ತುಂಬ ಬೇರೆಯವರ ಜಗಳ ತಂದು ಜೋಡಿಸವ್ರೆ ನೋಡಿ,” ಅಂದಿದ್ದರು. ನಾವು ನಕ್ಕೆವು. ಅವರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಅವರ ಕೋಪ ನಮಗೆ ತಮಾಷೆಯಾಗಿತ್ತು. ಸಿನಿಮಾಕ್ಕೆ ಹೋಗುವವರು ಹೋಗುತ್ತಿದ್ದರು. ನಾವು ಅವರ ಜೊತೆ ಹೋಗುತ್ತಿದ್ದೆವು. ಮಂಡ್ಯದ ಒಬ್ಬ ವ್ಯಾಪಾರಿ, ಕೆಟ್ಟ ಗಡಿಯಾರಕ್ಕೆ ಹೊಸ ಮುಳ್ಳು ಹಾಕಿ ಓಡುತ್ತದೆ ಎಂದು ಮಾರಲು ನೋಡಿದ. ಮೇಷ್ಟ್ರು ಅದರ ಬೆನ್ನು ಬಿಚ್ಚಿ ನೋಡಿದರು. ಒಳಗೆ ಸ್ಪ್ರಿಂಗೇ ಇಲ್ಲ. ಗಡಿಯಾರವನ್ನು ಎತ್ತಿ ಅವನ ಕಾಲ ಬಳಿ ಕುಕ್ಕಿದರು. ಗಾಜು ಪುಡಿಪುಡಿಯಾಗಿ ಅವನ ಪಂಚೆಯ ತುಂಬ ಹಾರಿತು. ಅವನು ತೂಕದ ಕಲ್ಲು ಎತ್ತಿಕೊಂಡ. ಇವರು ಅವನ ಕತ್ತುಪಟ್ಟಿ ಹಿಡಿದು ತಕ್ಕಡಿಯ ಮೇಲೆ ಕೆಡವಿದರು. ತಕ್ಕಡಿಯ ಸರಪಳಿ ಕಿತ್ತು ಬಂತು. ಬೋರ ಬಿಡಿಸುವವನಂತೆ ಮಧ್ಯೆ ಹೋಗಿ, “ಬುಡಿ ಮೇಷ್ಟ್ರೇ, ಇವನನ್ನ ತೂಗುದ್ರೆ ಏನ್ ಬಂದಾತು, ಬರೀ ಮೂಳೆ,” ಅಂದ. ಸುತ್ತ ನಿಂತವರೆಲ್ಲ ನಕ್ಕರು. ಆ ವ್ಯಾಪಾರಿಯ ಕೆಳತುಟಿ ಸೀಳಿತ್ತು. ಅದನ್ನೂ ನೋಡಿದೆವು. ವಾರವಿಡೀ ಆ ಕಥೆಯನ್ನು ನಾನು ಆಫೀಸಿನಲ್ಲಿ ಅಭಿನಯಿಸಿ ತೋರಿಸಿದೆ.

ಅವರನ್ನು ಗದರಿಸಬಲ್ಲವಳು ಒಬ್ಬಳೇ, ಮಳವಳ್ಳಿಯ ಸಣ್ಣಮ್ಮ. ಗಂಡ ಸತ್ತಮೇಲೆ ಗುಜರಿ ಅಂಗಡಿಯನ್ನು ತಾನೇ ನಡೆಸುತ್ತಿದ್ದ ಹೆಂಗಸು. ಬಾಯಿ ತುಂಬ ಎಲೆಯಡಿಕೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲೊಂದು ಮೂರು ಸೇರು ತೂಗುವ ಸುತ್ತಿಗೆ. ಅವಳ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಹೆಸರು ಕೆತ್ತಿದ ಪಾತ್ರೆಯನ್ನು ಅವಳು ಇಡಿಯಾಗಿ ಕೊಳ್ಳುತ್ತಿರಲಿಲ್ಲ. ನಮ್ಮ ಕಡೆ ಮದುವೆ, ಸೀಮಂತ, ನಾಮಕರಣ, ಏನಿದ್ದರೂ ಕೊಡುವ ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದುಂಟಲ್ಲ, ಅಂಥದು. ಅದನ್ನು ಅಂಗಡಿಯ ಮುಂದಿನ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಚಪ್ಪಟೆ ಮಾಡಿದ ಮೇಲೇ ತಕ್ಕಡಿಗೆ ಹಾಕುವುದು. ಮೊದಲ ಏಟು ಮಾರಲು ಬಂದವರೇ ಹಾಕಬೇಕು.

“ಎಸ್ರಿರೋ ಪಾತ್ರೆ ಇಡಿಯಾಗಿ ತಕ್ಕಂಡ್ರೆ ಅವ್ರ ಸಂಸಾರ್ವೇ ನನ್ನ ಅಂಗ್ಡೀಲಿ ಬಂದು ಕುಂತಂಗಾಯ್ತದೆ,” ಅನ್ನುವಳು. “ನಾಳೀಕೆ ಅತ್ಕಂಡು ಬಂದು ವಾಪಸ್ ಕೊಡು ಅಂತಾರೆ. ಅವ್ರ ಕೈಲೇ ಒಂದೇಟು ಆಕುಸ್ಬುಟ್ರೆ ಇತ್ಯರ್ಥ.”

ಬಂದ ಹೆಂಗಸರಲ್ಲಿ ಬಹಳ ಮಂದಿ ಮುಖ ಆ ಕಡೆ ತಿರುಗಿಸಿಕೊಂಡು ಸುತ್ತಿಗೆಯನ್ನು ಮೆಲ್ಲಗೆ ಮುಟ್ಟಿಸುವರು. ಮಿಕ್ಕದ್ದನ್ನು ಸಣ್ಣಮ್ಮ ಜಜ್ಜುವಳು. ಹಾಗೆ ಜಜ್ಜಿದ್ದನ್ನು ಗೋಣಿಚೀಲಕ್ಕೆ ತುಂಬಿ, ಚೀಲ ಭರ್ತಿಯಾದಾಗ ಕರಗಿಸಲು ಕಳಿಸುವುದು. ಅವನ್ನು ಯಾರಿಗೂ ಮಾರುತ್ತಿರಲಿಲ್ಲ. ಮೇಷ್ಟ್ರು ಆ ಚೀಲದಲ್ಲಿ ಕೈ ಹಾಕಿ ಒಂದೊಂದನ್ನೇ ಎತ್ತಿ ನೋಡುತ್ತಾ ಕೂರುವರು. ನೋಡುವುದಕ್ಕೆ ಅವಳ ಅಡ್ಡಿಯಿರಲಿಲ್ಲ.

ಒಂದು ಬೇಸಿಗೆ, ರಜೆಗೆ ಇನ್ನೂ ಮುಂಚೆ, ಅವರ ಡಬ್ಬಿಯಲ್ಲಿ ಚಿತ್ರಾನ್ನ ನಿಂತುಹೋಯಿತು. ಹೋಟೆಲಿನ ಇಡ್ಲಿ ಕಟ್ಟಿಸಿಕೊಂಡು ಬರತೊಡಗಿದರು. ಹೆಂಡತಿ ತವರಾದ ಬೆಳಕವಾಡಿಗೆ ಹೋಗಿದ್ದಾರೆ, ಅತ್ತೆಗೆ ಹುಷಾರಿಲ್ಲ ಎಂದರು. ತಿಂಗಳಾದರೂ ಇಡ್ಲಿಯೇ. ಒಂದು ಶನಿವಾರ ನನ್ನ ಮೇಜಿನ ಮುಂದೆ ಬಂದು ನಿಂತು, “ನಾಳೆ ನೀವಿಬ್ಬರೂ ನನ್ನ ಜೊತೆ ಬೆಳಕವಾಡಿಗೆ ಬರಬೇಕು,” ಅಂದರು. “ಒಬ್ಬರೇ ಬರಬೇಡಿ, ಯಾರಾದರೂ ನಾಲ್ಕು ಮಾತು ತಿಳಿದವರನ್ನ ಕರಕೊಂಡು ಬನ್ನಿ ಅಂತ ಮಾವನೋರು ಕಾಗದ ಬರೆದಿದಾರೆ.”

“ಏನಾಯ್ತು?”

“ಸ್ವಲ್ಪ ಮಾತು ಬಂದಿತ್ತು. ಅಷ್ಟೇ. ನೀವಿಬ್ಬರು ಹೇಳಿದ್ರೆ ಕಳಿಸ್ತಾರೆ. ಈ ಸಲ ಕಳಿಸದಿದ್ರೆ…” ಅಂದು ನನ್ನ ಮೇಜಿನ ಮೇಲಿದ್ದ ಗುಂಡುಸೂಜಿಯನ್ನು ಎರಡು ಬೆರಳಲ್ಲಿ ಮಡಿಸಿ ಮುರಿದರು. “ಅವಳಿಲ್ಲದೆ ಆ ಮನೇಲಿ ನನಗೆ ಕೂರೋಕಾಗ್ತಿಲ್ಲ ಕಣ್ರೀ.”

ಸಂಸಾರ ಅಂದಮೇಲೆ ಮಾತು ಬರುತ್ತದೆ, ಹೋಗುತ್ತದೆ. ನಾನು ಹೂಂ ಅಂದೆ. ಬೋರನಂತೂ, “ನಂಗೆ ಬುಡಿ. ಊಟ ಮುಗಿಯೋದ್ರೊಳಗೆ ಆಯಮ್ಮನ ಟ್ರಂಕು ಬಸ್ಸಿನ ಮ್ಯಾಲಿರ್ತದೆ,” ಅಂದ.

ಬರಿಗೈಯಲ್ಲಿ ಹೋಗಬಾರದು ಎಂದು ಮೇಷ್ಟ್ರ ಹಟ. ಅವರ ಹೆಂಡತಿಗೆ ದೇವರ ಮುಂದೆ ತೂಗುಹಾಕಲು ಒಂದು ಹಿತ್ತಾಳೆ ದೀಪ ಬೇಕೆಂದು ಬಹಳ ದಿನದ ಆಸೆಯಂತೆ. ಬೆಳಿಗ್ಗೆ ಮಂಡ್ಯದ ಸಾಲೆಲ್ಲ ಜಾಲಾಡಿದೆವು, ಸಿಗಲಿಲ್ಲ. ಮದ್ದೂರಿನ ಶೆಡ್ಡಿನಲ್ಲಿ ಸಿಕ್ಕಿತು. ಸರಪಳಿ ಸಮೇತ, ಮೇಲೊಂದು ಹಂಸ, ಎಲ್ಲೂ ಒಂದು ನೆಗ್ಗಿಲ್ಲದ ದೀಪ. ಆದರೆ ಅದರ ಇನ್ನೊಂದು ತುದಿಯನ್ನು ಬೆಂಗಳೂರಿನವನೊಬ್ಬ ಹಿಡಿದುಕೊಂಡಿದ್ದ. ಬಿಳಿ ಪ್ಯಾಂಟು, ಕಪ್ಪು ಕನ್ನಡಕ.

“ಇದು ನಾನು ಮೊದಲು ನೋಡಿದ್ದು ರೀ,” ಅಂದ ಅವನು.

“ಬಿಡಿ,” ಅಂದರು ಮೇಷ್ಟ್ರು.

“ನೀವು ಬಿಡಿ.”

ಮೇಷ್ಟ್ರು ಎರಡನೇ ಸಲ ಹೇಳಲಿಲ್ಲ. ಎಡಗೈಯಿಂದ ಅವನ ಎದೆಗೊಂದು ಕೊಟ್ಟರು. ಅವನ ಬೆನ್ನ ಹಿಂದೆ ಸೋಮನಹಳ್ಳಿ ಕಡೆಯ ವರ್ಕ್‌ಶಾಪುಗಳಿಂದ ಬಂದ, ಬ್ಲೇಡಿನಂಥ ಕಬ್ಬಿಣದ ಸುರುಳಿಚೂರಿನ ರಾಶಿಯಿತ್ತು. ಅವನು ಅದರ ಮೇಲೆ ಅಂಗೈ ಊರಿ ಬಿದ್ದ. ಎದ್ದಾಗ ಎರಡೂ ಅಂಗೈ ಕೆಂಪು, ಬಿಳಿ ಪ್ಯಾಂಟಿನ ಮೇಲೆ ಅದರ ಅಚ್ಚು. ತನ್ನ ಕೈ ನೋಡಿಕೊಳ್ಳುತ್ತಾ ನಿಂತ. ನಾವು ದೀಪ ಎತ್ತಿಕೊಂಡು ಬಸ್ಸು ಹತ್ತಿದೆವು.

“ವರ್ಷೊಪ್ಪತ್ತು ಆತ ಕಲಸ್ಕಂಡು ಉಣ್ಣಂಗಿಲ್ಲ,” ಅಂದ ಬೋರ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೇಷ್ಟ್ರು ದೀಪವನ್ನು ತೊಡೆಯ ಮೇಲಿಟ್ಟುಕೊಂಡು, ಕರ್ಚೀಪಿನಿಂದ ಹಂಸದ ಕೊಕ್ಕು ಒರೆಸುತ್ತಿದ್ದರು. ಅಂಥ ಮೃದುವಾದ ಕೈ. ಅದೇ ಕೈ ಎಂದು ನನಗೆ ಆಗ ಹೊಳೆಯಲಿಲ್ಲ.

ಮಳವಳ್ಳಿಯಲ್ಲಿ ಬೆಳಕವಾಡಿಯ ಬಸ್ಸಿಗೆ ಒಂದು ಗಂಟೆ ಸಮಯವಿತ್ತು. ಸಣ್ಣಮ್ಮನಿಗೆ ದೀಪ ತೋರಿಸೋಣ ಎಂದು ಹೋದೆವು. ಅವಳು ದೀಪವನ್ನು ಎತ್ತಿ ನೋಡಿ, “ಚೆಂದಾಗದೆ. ಯಾರ್ಗೆ ಮೇಷ್ಟ್ರೇ?” ಅಂದಳು.

“ಮನೆಯವಳಿಗೆ.”

“ಪುಣ್ಯವಂತೆ,” ಅಂದು ತನ್ನ ತೂಕಕ್ಕೆ ತಿರುಗಿಕೊಂಡಳು. ಅವರಿಗೆ ಹೆಂಡತಿಯಿದ್ದದ್ದು ಅವಳಿಗೆ ಗೊತ್ತು, ನೋಡಿದ್ದಿಲ್ಲ.

ಮೇಷ್ಟ್ರು ಅಭ್ಯಾಸದಂತೆ ಗೋಣಿಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಹಾಕಿದರು. ಮೇಲೇ ಇದ್ದದ್ದು ಒಂದು ಗಿಂಡಿ. ಗೊತ್ತಲ್ಲ, ಪಕ್ಕಕ್ಕೆ ಸಣ್ಣ ಮೂತಿಯಿರುವ ತಂಬಿಗೆ, ಮದುವೆಯಲ್ಲಿ ಧಾರೆ ಎರೆಯುವುದಕ್ಕೆ ಬಳಸುವಂಥದು. ಮಸಿ ಹಿಡಿದು ಕಪ್ಪಾಗಿತ್ತು. ಸುತ್ತಿಗೆ ಏಟಿಗೆ ಅರ್ಧ ಚಪ್ಪಟೆಯಾಗಿ, ಮೂತಿ ಮುದುಡಿ ಒಳಕ್ಕೆ ಹೋಗಿತ್ತು. ಅವರ ಮುಖ ಬೆಳಗಿತು. ಇಂಥದು ಸಿಕ್ಕರೆ ಅವರಿಗೆ ಲೆಕ್ಕ ಬಿಡಿಸಿದ ಖುಷಿ.

“ಇಲ್ಲಿ ಬನ್ನಿ ಇಬ್ರೂ,” ಅಂದರು. “ಇಲ್ಲಿ ಎರಡು ಥರದ ಏಟಿದೆ ನೋಡಿ. ಸುತ್ತಿಗೆದು ಹೊಸದು, ಹೊಳೀತಿದೆ. ಅದರ ಕೆಳಗೆ ಇನ್ನೊಂದಿದೆ. ಅದು ಮೊದಲಿಂದು, ಒಳಗೆ ಕಿಲುಬು ಕೂತಿದೆ.” ಹೆಬ್ಬೆರಳು ಕುಳಿಯೊಳಕ್ಕೆ ಹೋಯಿತು. “ಎಸೆದದ್ದಲ್ಲ. ಎಸೆದಿದ್ರೆ ಅಂಚು ಚೂಪಾಗಿರ್ತಿತ್ತು. ಕಂಠ ಹಿಡಕೊಂಡು ಬೀಸಿದಾನೆ. ಹೊಡೆದದ್ದು.”

“ಯಾವುದ್ಕೆ ವಡ್ದಿರ್ಬೌದು? ತೆಂಗಿನ್‌ಕಾಯ್ಗಾ?” ಅಂದ ಬೋರ.

“ಕುಳಿ ಗುಂಡಗಿದೆ ನೋಡಿ. ಅಂದ್ರೆ ಏಟು ತಿಂದದ್ದೂ ಗುಂಡಗಿತ್ತು.” ಹೆಬ್ಬೆರಳು ಹೊರಗೆ ತೆಗೆದು ಹೇಳಿದರು, “ತಲೆ.”

ಬೋರ ನಗಲು ಹೋಗಿ ನಿಲ್ಲಿಸಿದ.

“ಇನ್ನೊಂದು ಇದೆ,” ಅಂದರು ಮೇಷ್ಟ್ರು, ಕ್ಲಾಸಿನಲ್ಲಿ ಹೇಳುವ ಹಾಗೆ. “ಬಲಗೈಯೋನು ಕಂಠ ಹಿಡಿದು ಬೀಸಿದ್ರೆ ಮೂತಿಯ ಎಡಕ್ಕೆ ನೆಗ್ಗುತ್ತೆ. ಇದು ಬಲಕ್ಕಿದೆ. ಎಡಚ. ಎಂಥ ಹಲ್ಕಾ ನನ್ಮಗನೋ. ಧಾರೆ ಗಿಂಡೀಲಿ ಹೊಡೆಯೋನು.”

ಬೋರ ಅವರ ಕೈಯನ್ನೇ ನೋಡುತ್ತಿದ್ದ. ಗಿಂಡಿ ಅವರ ಎಡಗೈಯಲ್ಲಿತ್ತು. ಕಂಠದ ಸುತ್ತ ಅವರ ಬೆರಳು ಸರಿಯಾಗಿ ಕೂತಿದ್ದವು.

ಸಣ್ಣಮ್ಮ ತಕ್ಕಡಿಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. “ಸರ್ಯಾಗೇ ಯೋಳುದ್ರಿ ಮೇಷ್ಟ್ರೇ. ನಾಕು ದಿನ ಆಯ್ತು, ಒಬ್ಬಮ್ಮ ತಂದು ಆಕುದ್ಲು. ಒಳ್ಳೆ ಮನೆಯೋಳಂಗೆ ಕಾಣ್ತಿದ್ಲು, ತಲೆ ತುಂಬ ಸೆರಗು ಒದ್ಕಂಡು. ಒಂದೇಟು ಸಾಕು ಕಣವ್ವ ಅಂದೆ. ಕೇಳ್ಳಿಲ್ಲ. ನನ್ನ ಸುತ್ಗೆ ಈಸ್ಕಂಡು ಮೂರು ಏಟು ಆಕುದ್ಲು. ಮೂರನೇ ಏಟ್ಗೆ ಸೆರಗು ಜಾರ್ತು. ಬಲಗಡೆ ಕಿವಿ ಮ್ಯಾಲೆ ಕೂದ್ಲು ಬೋಳ್ಸಿ ಒಲ್ಗೆ ಆಕಿದ್ ಗುರುತು ಇನ್ನೂ ಅದೆ. ಬೆಳಕ್ವಾಡಿ ಬಸ್ಸಿಗೇ ಓದ್ಲು.”

ಮೇಷ್ಟ್ರು ಗಿಂಡಿಯನ್ನು ತಿರುಗಿಸಿ ತಳ ನೋಡಿದರು. ತೋರುಬೆರಳಿಂದ ಮಸಿ ಉಜ್ಜಿದರು. ಅವರ ಬೆನ್ನ ಹಿಂದಿನಿಂದ ನನಗೂ ಕಂಡಿತು. ಅವರ ಹೆಂಡತಿಯ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಧಾರೆಗೆ’ ಎಂದು.

ಅವರಿಗೆ ಅದು ಮೊದಲೇ ಗೊತ್ತಾಗಲಿಲ್ಲವೇ ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಗೊತ್ತಾಗಲಿಲ್ಲ ಎಂದೇ ನನ್ನ ನಂಬಿಕೆ. ಪ್ರಪಂಚದ ಪಾತ್ರೆಗಳನ್ನೆಲ್ಲ ಓದುತ್ತಿದ್ದವರು ತಮ್ಮ ದೇವರ ಗೂಡಿನಲ್ಲಿದ್ದದ್ದನ್ನು ಕೈಗೆತ್ತಿಕೊಂಡದ್ದು ಒಂದೇ ಸಲ ಇರಬೇಕು, ಆ ಸಲ ನೋಡುವುದಕ್ಕೆಂದು ಎತ್ತಿಕೊಂಡಿರಲಿಲ್ಲ.

“ಇದನ್ನ ಯಾಕೆ ತಗೊಂಡೆ?” ಅಂದರು. ದನಿ ಮೇಲೇರಿರಲಿಲ್ಲ.

“ಅಂಗಡಿ ಇಟ್ಟಿರೋದು ಯಾಕೆ ಮತ್ತೆ?” ಅಂದಳು ಸಣ್ಣಮ್ಮ.

“ಬಾಯಿ ಮುಚ್ಚು. ಇದು ಕದ್ದ ಮಾಲು. ನನ್ನ ಮನೇದು.”

ಸಣ್ಣಮ್ಮ ಈಗ ಕತ್ತೆತ್ತಿದಳು. ಅವರ ಮುಖ ನೋಡಿದಳು, ಕೈ ನೋಡಿದಳು. “ಓ,” ಅಂದಳು, ಅಷ್ಟೇ.

ಆ ‘ಓ’ ತಡೆದುಕೊಳ್ಳುವುದಕ್ಕಾಗಲಿಲ್ಲವೇನೋ. ಎದ್ದವರೇ ಕೈ ಬೀಸಿದರು. ಗಿಂಡಿ ಅವಳ ಮುಖಕ್ಕೆಂದು ಹೋದದ್ದು. ಮಧ್ಯೆ ಬೋರ ಬಂದಿದ್ದ, ಎಂದಿನ ಹಾಗೆ ಬಿಡಿಸಲು. ಅವನು ಬಾಯಿ ತೆರೆದಿದ್ದ, ಏನೋ ತಮಾಷೆ ನಾಲಿಗೆಯ ತುದಿಯಲ್ಲಿತ್ತು. ಗಿಂಡಿ ಅವನ ಬಲಗಣ್ಣಿನ ಮೇಲ್ಗಡೆ ಹಣೆಗೆ ಬಡಿಯಿತು. ತೆಂಗಿನಕಾಯಿ ಒಡೆದ ಸದ್ದೇ ಬಂತು. ಅವನು ದಿಮ್ಮಿಯ ಮೇಲೆ ಕುಸಿದು ಕೂತ. ಬೆರಳ ಸಂದಿನಿಂದ ರಕ್ತ ಇಳಿದು, ಕೈಗಡಿಯಾರದ ಮೇಲೆ ಹರಿದು, ಮೊಣಕೈಯಿಂದ ತೊಟ್ಟಿಕ್ಕತೊಡಗಿತು.

ಸಣ್ಣಮ್ಮ ಸುತ್ತಿಗೆ ಎತ್ತಿಕೊಂಡು ನಿಂತಿದ್ದಳು. “ಇನ್ನೊಂದೆಜ್ಜೆ ಇಟ್ರೆ ನಿನ್ನ ಈ ದಿಮ್ಮಿ ಮ್ಯಾಲೇ ಚಪ್ಪಟೆ ಮಾಡಿ ತೂಗ್ತೀನಿ ಕಣಯ್ಯ. ಎಸ್ರೂ ಕೇಳಾಕಿಲ್ಲ,” ಅಂದಳು. ಅಲ್ಲಿಯವರೆಗೂ ‘ನೀವು’ ಅನ್ನುತ್ತಿದ್ದವಳು.

ಅವರು ಹೆಜ್ಜೆ ಇಡಲಿಲ್ಲ. ತಮ್ಮ ಎಡಗೈಯನ್ನು ಬೇರೆ ಯಾರದೋ ವಸ್ತು ನೋಡುವ ಹಾಗೆ ನೋಡುತ್ತಾ ನಿಂತಿದ್ದರು. ನಾನು ಆ ಹೊತ್ತು ಏನು ಮಾಡುತ್ತಿದ್ದೆ? ಬೆಂಗಳೂರಿನವನ ಅಂಗೈ ನೆನೆಸಿಕೊಳ್ಳುತ್ತಿದ್ದೆ.

ಆಸ್ಪತ್ರೆಯ ಹತ್ತಿರದ ಕಾಂಪೌಂಡರನ ಮನೆಯಲ್ಲಿ ಮೂರು ಹೊಲಿಗೆ ಬಿದ್ದವು. ಬಟ್ಟೆ ಸುತ್ತಿಸಿಕೊಂಡು ಹೊರಗೆ ಬಂದ ಬೋರ, “ನಡೀರಿ, ಬಸ್ಸು ಬತ್ತದೆ,” ಅಂದ.

“ಎಲ್ಲಿಗ್ಲಾ ಈಗ?” ಅಂದೆ.

“ಬತ್ತೀವಿ ಅಂತ ಯೋಳಿ ಕಳ್ಸಿದ್ದೀವಿ ಕಣ್ಲಾ. ಆಯಮ್ಮ ಕಾಯ್ತಾ ಕುಂತಿರ್ತದೆ.”

ಮೇಷ್ಟ್ರೂ ದೀಪ ಎತ್ತಿಕೊಂಡು ನಮ್ಮ ಹಿಂದೆಯೇ ಬಸ್ಸು ಹತ್ತಿದರು. ಬೆಳಕವಾಡಿಯಲ್ಲಿ ಇಳಿದ ಮೇಲೆ ಮೇಷ್ಟ್ರು ರಸ್ತೆ ಪಕ್ಕದ ಕಲ್ಲಿನ ಮೇಲೆ ದೀಪ ಹಿಡಿದುಕೊಂಡು ಕೂತರು. “ನೀವು ಹೋಗಿ ಬನ್ನಿ. ನಾನು ಬರಲ್ಲ,” ಅಂದರು.

ಮಾವನವರು ಜಗುಲಿಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಒಳಗೆ ಕೂಗಿದರು. ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದರು. ತಲೆ ತುಂಬ ಸೆರಗು. ಬೋರನ ಹಣೆಯ ಬಟ್ಟೆಯ ಮೇಲೆ ಅವರ ಕಣ್ಣು ನಿಂತಿತು. ಅದರಲ್ಲಿ ರಕ್ತ ಒಸರಿ ಒಂದು ರೂಪಾಯಿ ಅಗಲ ಹರಡಿತ್ತು. ಅವರ ಬಲಗೈ ತನ್ನಷ್ಟಕ್ಕೆ ಮೇಲೆ ಹೋಗಿ, ಸೆರಗಿನ ಮೇಲಿಂದಲೇ ಬಲಗಿವಿಯ ಮೇಲ್ಗಡೆ ಮುಟ್ಟಿಕೊಂಡಿತು.

“ಯಾವುದರಲ್ಲಿ?” ಎಂದು ಕೇಳಿದರು.

“ಗಿಂಡೀಲಿ ಕಣಮ್ಮ,” ಅಂದ ಬೋರ. “ಮಳವಳ್ಳೀಲಿ. ಸಣ್ಣಮ್ಮನ ಅಂಗ್ಡೀಲಿ.”

“ಅದಿನ್ನೂ ಕರಗಿಲ್ವಾ?” ಅಂದರು.

ಮಾವನವರು ಗಂಟಲು ಸರಿಮಾಡಿಕೊಂಡು, “ಏನೋ ಮಾತಾಡಬೇಕು ಅಂತ ಬಂದ್ರಲ್ಲ, ಯೋಳಿ,” ಅಂದರು.

ನಾನು ಬೋರನ ಕಡೆ ನೋಡಿದೆ. ಊಟ ಮುಗಿಯುವುದರೊಳಗೆ ಟ್ರಂಕು ಎತ್ತಿಸುತ್ತೇನೆ ಎಂದಿದ್ದವನು ತನ್ನ ಚಪ್ಪಲಿ ನೋಡಿ, “ಏನಿಲ್ಲ ಯಜಮಾನ್ರೇ. ಬಾಯಾರ್ತಾ ಅದೆ. ಒಸಿ ನೀರು ಕೊಡ್ಸಿ,” ಅಂದ.

ಮೇಷ್ಟ್ರ ಹೆಂಡತಿ ಒಳಗೆ ಹೋಗಿ ಒಂದು ಚೊಂಬಿನಲ್ಲಿ ನೀರು ತಂದರು. ಹೊಸ ಸ್ಟೀಲ್ ಚೊಂಬು, ಅಂಗಡಿಯ ಹೊಳಪು ಇನ್ನೂ ಹೋಗಿರಲಿಲ್ಲ. ಬೋರ ಕುಡಿದ, ನಾನು ಕುಡಿದೆ. ಅವರು ಅದನ್ನು ತಗೊಂಡು, “ಅವರು ಎಲ್ಲಿ?” ಎಂದರು.

“ಬಸ್ಸು ನಿಲ್ಲೋ ಕಡೆ ಕೂತಿದಾರೆ,” ಅಂದೆ.

ಮತ್ತೆ ಒಳಗೆ ಹೋಗಿ ಅದೇ ಚೊಂಬು ತುಂಬಿಸಿ ತಂದು ನನ್ನ ಕೈಗೆ ಕೊಟ್ಟರು. “ಬಿಸಿಲು ಜಾಸ್ತಿ. ಅವರಿಗೂ ಕೊಡಿ. ಚೊಂಬು ಮರೀದೆ ವಾಪಸ್ ತನ್ನಿ.”

ನಾವು ಹೋಗುವಾಗ ಇದ್ದ ಹಾಗೆಯೇ ಮೇಷ್ಟ್ರು ಕೂತಿದ್ದರು. ನಾನು ಚೊಂಬು ಚಾಚಿದೆ. ಎಡಗೈ ಅಭ್ಯಾಸಕ್ಕೆ ಮುಂದೆ ಬಂತು. ಅವರು ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತರು. ಬಲಗೈಯಲ್ಲಿ ಚೊಂಬು ಹಿಡಿದು ಕುಡಿದರು. ಆ ಕೈಗೆ ಅಳತೆ ಗೊತ್ತಿರಲಿಲ್ಲ. ಅರ್ಧ ನೀರು ಗಲ್ಲದ ಮೇಲಿಂದ ಅಂಗಿಗೆ ಹೋಯಿತು. ಕುಡಿದಾದ ಮೇಲೆ ಚೊಂಬನ್ನು ಸುತ್ತ ತಿರುಗಿಸಿ ನೋಡಿದರು. ಹೆಬ್ಬೆರಳು ಹೊಟ್ಟೆಯ ಮೇಲೆಲ್ಲ ಆಡಿತು, ಎಲ್ಲೂ ನಿಲ್ಲಲಿಲ್ಲ. ತಳ ನೋಡಿದರು. ಹೊಸದಾಗಿ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಂಡತಿಯ ಹೆಸರಿತ್ತು. ಹೆಸರೊಂದೇ.

“ಇದರಲ್ಲೇನೂ ಇಲ್ಲ,” ಅಂದರು. “ಹೋಗಿ ಕೊಟ್ಟುಬಿಡಿ.”

ಮರುದಿನ ಅವರು ಬಲಗೈಯಲ್ಲಿ ಚಾಕ್‌ಪೀಸ್ ಹಿಡಿದು ಬೋರ್ಡಿನ ಮೇಲೆ ಬರೆದದ್ದನ್ನು ನೋಡಿ ಹುಡುಗರು ನಕ್ಕರು, ಯಾವ ಕೆನ್ನೆಗೂ ಏಟು ಬೀಳಲಿಲ್ಲ. ಆಮೇಲಿನ ವರ್ಷಗಳಲ್ಲೂ ಬೀಳಲಿಲ್ಲ. ಅಕ್ಷರ ಕೊನೆಯವರೆಗೂ ಸುಧಾರಿಸಲಿಲ್ಲ. ಆ ದೀಪ ಎಲ್ಲಿ ಹೋಯಿತೋ, ನಾನು ಕೇಳಲಿಲ್ಲ. ನಾವು ಮೂವರು ಮತ್ತೆ ಗುಜರಿಗೆ ಹೋಗಲಿಲ್ಲ. ಅವರ ಹೆಂಡತಿ ಮಂಡ್ಯಕ್ಕೆ ಬರಲಿಲ್ಲ.

ಆದರೆ ಅವತ್ತು, ಬೆಳಕವಾಡಿಯ ಆ ಬಿಸಿಲಿನಲ್ಲಿ, ಇದೊಂದೂ ನನಗೆ ಗೊತ್ತಿರಲಿಲ್ಲ. ಖಾಲಿ ಚೊಂಬು ಹಿಡಿದುಕೊಂಡು ವಾಪಸ್ ನಡೆದೆ. ಅವರು ಬಾಗಿಲಲ್ಲೇ ನಿಂತಿದ್ದರು. ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಒಂದು ಸುತ್ತು ನಿಧಾನವಾಗಿ ತಿರುಗಿಸಿ ನೋಡಿದರು. ಆಮೇಲೆ ಒಳಗೆ ತಗೊಂಡು ಹೋದರು.